ತಪ್ಪು ಮೇಜರ್ ತಗೊಂಡೆ ಅನಿಸಿದಾಗ: ಫಾರ್ಮ್ ತುಂಬುವ ಮುಂಚೆ ಮಾಡಬೇಕಾದ ಕೆಲಸ

ನಾನು ಕಾಲೇಜಿನಲ್ಲಿ ಸ್ಟ್ಯಾಟಿಸ್ಟಿಕ್ಸ್ ಪಾಠ ಮಾಡುತ್ತೇನೆ. ನನ್ನ ಕ್ಲಾಸಿನಲ್ಲಿ ಕೂತವರಲ್ಲಿ ಹೆಚ್ಚಿನವರಿಗೆ ಅದು ಮೇಜರ್, ಅಂದರೆ ಡಿಗ್ರಿಯ ಮುಖ್ಯ ವಿಷಯ, ಅಲ್ಲ. ಸೈಕಾಲಜಿಯವರು, ಎಕನಾಮಿಕ್ಸ್‌ನವರು, ಬಯಾಲಜಿಯವರು, ಕಂಪ್ಯೂಟರ್ ಸೈನ್ಸ್‌ನವರು, ಎಲ್ಲರೂ ಕಡ್ಡಾಯ ಅಂತ ಬಂದು ಕೂರುವವರು. ಮನುಷ್ಯರ ಮನಸ್ಸು ಅರ್ಥ ಮಾಡಿಕೊಳ್ಳಬೇಕು ಅಂತ ಸೈಕಾಲಜಿಗೆ ಸೇರಿದವಳ ಎದುರು ಸ್ಟ್ಯಾಂಡರ್ಡ್ ಡೀವಿಯೇಷನ್ ಬಂದು ನಿಂತಾಗ ಅವಳ ಮುಖ ಹೇಗಾಗುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು. ಕ್ಲಾಸ್ ಮುಗಿದ ಮೇಲೆ ಬಾಗಿಲ ಹತ್ತಿರ ನಿಂತು "ಮೇಡಂ, ಒಂದು ನಿಮಿಷ" ಅನ್ನುವವರು ಪ್ರತಿ ಸೆಮಿಸ್ಟರ್ ಇದ್ದೇ ಇರುತ್ತಾರೆ. ಆ ಒಂದು ನಿಮಿಷ ಅರ್ಧ ಗಂಟೆಗೆ ಕಡಿಮೆ ಇಲ್ಲ. ವಿಷಯವೂ ಒಂದೇ: "ನಾನು ತಪ್ಪು ಸಬ್ಜೆಕ್ಟ್ ತಗೊಂಡೆ ಅನಿಸ್ತಿದೆ."

ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಬದಲಾಯಿಸಿ ಅಂತಲೂ ಅಲ್ಲ, ಬೇಡ ಅಂತಲೂ ಅಲ್ಲ. ಯಾವುದೇ ಆಗಲಿ, ಕಣ್ಣು ಬಿಟ್ಟುಕೊಂಡು ಮಾಡುವುದು ಹೇಗೆ ಅಂತ.

ನಾನು ಮೊದಲು ಕೇಳುವುದು, ಇದು ಅನಿಸಿದ್ದು ಯಾವ ವಾರ? ಹೆಚ್ಚಿನ ಸಲ ಇಂಟರ್ನಲ್ಸ್ ಮಾರ್ಕ್ಸ್ ಬಂದ ವಾರ. ಇಲ್ಲವೇ ಬೇರೆ ಬ್ರಾಂಚಿನ ಗೆಳೆಯನಿಗೆ ಕೆಲಸ ಸಿಕ್ಕ ವಾರ. ಆ ವಾರದಲ್ಲಿ ಏನೂ ನಿರ್ಧಾರ ಮಾಡಬೇಡಿ. ಟೆಸ್ಟೂ ಇಲ್ಲದ, ರಿಸಲ್ಟೂ ಇಲ್ಲದ ಒಂದು ಸಪ್ಪೆ ವಾರ ಬರಲಿ. ಆಗಲೂ ಹಾಗೇ ಅನಿಸಿದರೆ ಅದನ್ನು ಕೂತು ಯೋಚಿಸಬೇಕಾದ ಮಾತು ಅಂತ ಇಟ್ಟುಕೊಳ್ಳಿ.

ಇನ್ನೊಂದು, ಇದು ನಿಮಗೊಬ್ಬರಿಗೇ ಬಂದ ಕಷ್ಟ ಅಲ್ಲ. ಸ್ಟ್ಯಾಟಿಸ್ಟಿಕ್ಸ್ ಮೇಡಂ ಅಲ್ವಾ, ಅಂಕಿ ಹೇಳದೆ ಇರೋಕಾಗಲ್ಲ. ಅಮೆರಿಕದ ಶಿಕ್ಷಣ ಇಲಾಖೆ 2017ರಲ್ಲಿ ಒಂದು ಲೆಕ್ಕ ಕೊಟ್ಟಿತ್ತು. ಅಲ್ಲಿ ಡಿಗ್ರಿಗೆ ಸೇರಿ ಮೇಜರ್ ಆಯ್ದುಕೊಂಡವರಲ್ಲಿ ಸುಮಾರು ಮೂರನೇ ಒಂದು ಭಾಗ ಮೂರು ವರ್ಷದೊಳಗೆ ಒಂದು ಸಲವಾದರೂ ಮೇಜರ್ ಬದಲಾಯಿಸಿದ್ದರು. ಅತಿ ಹೆಚ್ಚು ಬಿಟ್ಟುಹೋದದ್ದು ಗಣಿತದವರು, ನೂರಕ್ಕೆ 52 ಮಂದಿ. ನನಗೆ ಇದು ಆಶ್ಚರ್ಯ ಅನಿಸಲಿಲ್ಲ. ಶಾಲೆಯ ಗಣಿತದಲ್ಲಿ ಲೆಕ್ಕ ಬಿಡಿಸಿ ಉತ್ತರಕ್ಕೆ ಎರಡು ಗೆರೆ ಎಳೆಯುತ್ತೇವೆ. ಕಾಲೇಜಿನ ಗಣಿತದಲ್ಲಿ ಉತ್ತರ ಮೊದಲೇ ಗೊತ್ತಿರುತ್ತದೆ, ಯಾಕೆ ಅಂತ ಸಾಧಿಸಬೇಕು. ಹೆಸರು ಒಂದೇ, ಕೆಲಸ ಬೇರೆ. ಎಷ್ಟೋ ಜನರ ಪಶ್ಚಾತ್ತಾಪ ಹುಟ್ಟುವುದು ಈ ಜಾಗದಲ್ಲಿ.

ಬೇಜಾರು ಯಾವುದರ ಮೇಲೆ?

"ನನಗೆ ಈ ಸಬ್ಜೆಕ್ಟೇ ಆಗಲ್ಲ" ಅನ್ನುವ ಮಾತಿನ ಒಳಗೆ ನಾಲ್ಕೈದು ಬೇರೆ ಬೇರೆ ಮಾತು ಅವಿತಿರುತ್ತವೆ. ಅವನ್ನು ಬಿಡಿಸಬೇಕು.

ನಿಮ್ಮ ಟೈಮ್‌ಟೇಬಲ್ ಒಂದು ಕಾಗದದ ಮೇಲೆ ಬರೆದುಕೊಳ್ಳಿ. ಪ್ರತಿ ಕ್ಲಾಸ್ ಮುಗಿದ ತಕ್ಷಣ ಆ ಚೌಕದಲ್ಲಿ ಒಂದು ಪ್ಲಸ್ ಅಥವಾ ಮೈನಸ್ ಹಾಕಿ. ಮೈನಸ್ ಆದರೆ ಪಕ್ಕದಲ್ಲಿ ಕಾರಣ, ಎರಡು ಮೂರು ಪದ ಸಾಕು: "ಬೋರ್ಡ್ ವೇಗ ಜಾಸ್ತಿ", "ಪಕ್ಕ ಕೂರೋರಿಲ್ಲ", "ಲ್ಯಾಬ್ ವಾಸನೆ", "ಹಿಂದಿನ ಚಾಪ್ಟರ್ ಗೊತ್ತಿಲ್ಲ". ಮೂರು ವಾರ ಹೀಗೆ ಮಾಡಿ. ರಾತ್ರಿ ಕೂತು ನೆನಪಿನಿಂದ ತುಂಬಬೇಡಿ. ದಿನದ ಕೊನೆಯ ಕ್ಲಾಸ್ ಕೆಟ್ಟದಾಗಿದ್ದರೆ ಇಡೀ ದಿನಕ್ಕೇ ಮೈನಸ್ ಬೀಳುತ್ತದೆ.

ಮೂರು ವಾರದ ಕಾಗದ ಮುಂದೆ ಇಟ್ಟುಕೊಂಡರೆ ಸಾಮಾನ್ಯವಾಗಿ ಏನೋ ಒಂದು ಎದ್ದು ಕಾಣುತ್ತದೆ. ಫಿಸಿಕ್ಸ್ ಬಿಡುತ್ತೇನೆ ಅಂತ ಬಂದ ಒಬ್ಬಳ ಕಾಗದದಲ್ಲಿ ಮೈನಸ್ ಎಲ್ಲ ಒಂದೇ ಕಡೆ ಗುಂಪಾಗಿದ್ದವು. ವೆಕ್ಟರ್ ಕ್ಯಾಲ್ಕುಲಸ್ ಬೇಕಾದ ಕಡೆಯಲ್ಲೆಲ್ಲ ಮೈನಸ್, ಬೇಡದ ಕಡೆ ಪ್ಲಸ್. ಅವಳಿಗೆ ಬೇಕಾಗಿದ್ದದ್ದು ಹೊಸ ಮೇಜರ್ ಅಲ್ಲ, ರಜೆಯಲ್ಲಿ ಕೂತು ಒಂದು ಪುಸ್ತಕದ ಮೂರು ಅಧ್ಯಾಯ. ಇನ್ನೊಬ್ಬ ಬಯಾಲಜಿಯವನು. ಪ್ರಾಣಿಶಾಸ್ತ್ರದ ಪ್ರಾಕ್ಟಿಕಲ್‌ಗೆ ಮಾತ್ರ ಅವನ ಹೊಟ್ಟೆ ತೊಳಸುತ್ತಿತ್ತು. ಗಿಡಮರದ ಕ್ಲಾಸಿಗೆ ಎಲ್ಲರಿಗಿಂತ ಮುಂಚೆ ಬಂದು ಕೂರುತ್ತಿದ್ದ. ಇಡೀ ಬಯಾಲಜಿಯನ್ನೇ ಬಿಡುತ್ತೇನೆ ಅನ್ನುತ್ತಿದ್ದ, ಪುಣ್ಯಾತ್ಮ.

ಕಾರಣಗಳಲ್ಲಿ ಟೀಚರ್ ಹೆಸರೇ ಮತ್ತೆ ಮತ್ತೆ ಬರುತ್ತಿದ್ದರೆ ಸಮಸ್ಯೆ ಟೀಚರ್. ಮುಂದಿನ ಸೆಮಿಸ್ಟರ್‌ಗೆ ಟೀಚರ್ ಬದಲಾಗುತ್ತಾರೆ, ಅಲ್ಲಿಯವರೆಗೆ ತಡೆಯಿರಿ. "ಪಕ್ಕ ಕೂರೋರಿಲ್ಲ" ಅಂತ ಬರುತ್ತಿದ್ದರೆ ಬೇಕಾದದ್ದು ಸ್ನೇಹಿತರು. "ಕೆಲಸ ಸಿಗಲ್ಲ" ಅನ್ನುವುದು ಯಾವ ಚೌಕದಲ್ಲೂ ಬರದೆ ತಲೆಯಲ್ಲಿ ಮಾತ್ರ ಸುತ್ತುತ್ತಿದ್ದರೆ ಅದು ವಿಷಯದ ಬಗ್ಗೆ ಇರುವ ಬೇಜಾರಲ್ಲ, ಭಯ. ಭಯಕ್ಕೆ ಔಷಧ ಬೇರೆ, ಆಮೇಲೆ ಹೇಳುತ್ತೇನೆ. ಇವೆಲ್ಲ ಕಳೆದ ಮೇಲೂ ಆ ವಿಷಯದ ಮುಖ್ಯ ಪೇಪರ್‌ಗಳ ಮೇಲೇ ಮೈನಸ್ ಉಳಿದರೆ, ನಿಮ್ಮ ಅನುಮಾನ ನಿಜ ಇರಬಹುದು.

ಒಂದು ಎಚ್ಚರಿಕೆ. ಎಲ್ಲ ಚೌಕಕ್ಕೂ ಮೈನಸ್, ಮೊದಲು ಇಷ್ಟವಾಗುತ್ತಿದ್ದ ಆಟ, ಹಾಡು, ಸ್ನೇಹಿತರ ಮೇಲೂ ಆಸೆ ಇಲ್ಲ, ನಿದ್ದೆ ಸರಿ ಇಲ್ಲ, ಊಟ ಸೇರುತ್ತಿಲ್ಲ, ಇದೆಲ್ಲ ವಾರಗಟ್ಟಲೆ ಇದೆ ಅಂದರೆ ಮೇಜರ್ ವಿಚಾರ ಪಕ್ಕಕ್ಕಿಡಿ. ಕೌನ್ಸೆಲರ್ ಅಥವಾ ಡಾಕ್ಟರ್ ಹತ್ತಿರ ಮೊದಲು ಹೋಗಿ. ಖಿನ್ನತೆಯಲ್ಲಿ ಯಾವ ವಿಷಯವೂ ರುಚಿಸುವುದಿಲ್ಲ. ಆ ಹೊತ್ತಿನಲ್ಲಿ ಮೇಜರ್ ಬದಲಾಯಿಸಿದರೆ ಹೊಸದೂ ಹಾಗೇ ಕಾಣುತ್ತದೆ.

ಆ ಕಡೆಯ ಬೇಜಾರನ್ನೂ ನೋಡಿ

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ಮಾತು ಇದು. ನಮ್ಮ ವಿಷಯದ ಸೋಮವಾರ ಬೆಳಗಿನ ಮೊದಲ ಪೀರಿಯಡ್ ನಮಗೆ ಗೊತ್ತು. ಬೇರೆ ವಿಷಯದ ಬಗ್ಗೆ ನಮಗೆ ಗೊತ್ತಿರುವುದು ಅದರ ಒಳ್ಳೆಯ ಫೋಟೋ ಮಾತ್ರ. ದೂರದ ಬೆಟ್ಟ ನುಣ್ಣಗೆ ಅಂತ ಎಲ್ಲರೂ ಹೇಳುತ್ತಾರೆ. ಹತ್ತಿರ ಹೋಗಿ ನೋಡುವುದು ಹೇಗೆ ಅಂತ ಯಾರೂ ಹೇಳುವುದಿಲ್ಲ.

ಪ್ರತಿ ವಿಷಯಕ್ಕೂ ಅದರದೇ ಆದ ಕತ್ತೆ ಚಾಕರಿ ಇದೆ. ಸೈಕಾಲಜಿಯಲ್ಲಿ ಪ್ರಶ್ನಾವಳಿ ಮಾಡುವುದು, ಉತ್ತರಗಳನ್ನು ಎಂಟ್ರಿ ಮಾಡುವುದು, ಆಮೇಲೆ ನನ್ನ ಕ್ಲಾಸಿಗೆ ಬಂದು ಒದ್ದಾಡುವುದು. ಎಕನಾಮಿಕ್ಸ್ ಅಂದರೆ ಪೇಪರಿನಲ್ಲಿ ಬರುವ ಬಜೆಟ್ ಚರ್ಚೆ ಅಂದುಕೊಂಡವರಿಗೆ ಮುಂದೆ ಕ್ಯಾಲ್ಕುಲಸ್, ಲೀನಿಯರ್ ಆಲ್ಜಿಬ್ರಾ ಕಾದಿರುತ್ತದೆ. ಕಂಪ್ಯೂಟರ್‌ನವರ ದಿನ ಹೋಗುವುದು ಹೊಸ ಆ್ಯಪ್ ಮಾಡುವುದರಲ್ಲಿ ಅಲ್ಲ, ಯಾರೋ ಬರೆದಿಟ್ಟ ಕೋಡ್ ಓದುವುದರಲ್ಲಿ, ತಪ್ಪು ಎಲ್ಲಿದೆ ಅಂತ ಹುಡುಕುವುದರಲ್ಲಿ. ಡಿಸೈನ್‌ನಲ್ಲಿ ಮಾಡಿದ್ದನ್ನು ಗೋಡೆಗೆ ಅಂಟಿಸಿ ಎಲ್ಲರೆದುರು ಬೈಸಿಕೊಂಡು, ಮತ್ತೆ ಮೊದಲಿಂದ ಮಾಡಬೇಕು. ಬಯಾಲಜಿ ಲ್ಯಾಬಿನಲ್ಲಿ ಪಿಪೆಟ್ ಹಿಡಿದು ಒಂದೇ ಕೆಲಸ ನೂರು ಸಲ ಮಾಡಿ, ಕೊನೆಗೆ ಪ್ರಯೋಗ ಕೆಟ್ಟರೆ ಮತ್ತೆ ನೂರು ಸಲ. ಸಾಹಿತ್ಯಕ್ಕೆ ಸೇರಿದವರು ಕಾದಂಬರಿ ಓದಿ ಖುಷಿಪಡುವುದಕ್ಕಿಂತ ಅದರ ಮೇಲೆ ಬರೆದ ಒಣ ವಿಮರ್ಶೆ ಓದುವುದೇ ಜಾಸ್ತಿ. ಕಾನೂನು? ಪುಟಗಟ್ಟಲೆ ತೀರ್ಪು.

ಹಾಗಾಗಿ ಯಾವ ವಿಷಯ ಇಷ್ಟ ಅಂತ ಕೇಳಿಕೊಳ್ಳುವ ಬದಲು, ಯಾವ ವಿಷಯದ ಚಾಕರಿಯನ್ನು ನಾನು ತಡೆದುಕೊಳ್ಳುತ್ತೇನೆ ಅಂತ ಕೇಳಿಕೊಳ್ಳಿ. ಇದಕ್ಕೆ ಉತ್ತರ ಯೋಚಿಸಿ ಸಿಗುವುದಿಲ್ಲ, ಮಾಡಿ ನೋಡಬೇಕು.

ಮಾಡಿ ನೋಡುವುದಕ್ಕೆ ಖರ್ಚೇನೂ ಇಲ್ಲ. ನೀವು ಹೋಗಬೇಕು ಅಂದುಕೊಂಡಿರುವ ವಿಷಯದ ಕೊನೆಯ ವರ್ಷದ ಪ್ರಶ್ನೆಪತ್ರಿಕೆ ತನ್ನಿ. ಮೊದಲ ವರ್ಷದ್ದು ಬೇಡ, ಅದು ಎಲ್ಲ ಕಡೆ ಸುಲಭ. ಉತ್ತರ ಬರಬೇಕು ಅಂತಿಲ್ಲ. ಪ್ರಶ್ನೆ ಓದಿದಾಗ "ಇದು ಏನಂತ ತಿಳ್ಕೋಬೇಕು" ಅನಿಸುತ್ತದೋ, "ಯಾರಿಗೆ ಬೇಕು ಇದು" ಅನಿಸುತ್ತದೋ ನೋಡಿ. ಆ ಕ್ಲಾಸಿನ ಟೀಚರ್ ಒಪ್ಪಿದರೆ ಸೆಮಿಸ್ಟರ್ ನಡುವೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತು ಬನ್ನಿ. ಮೊದಲ ದಿನದ ಕ್ಲಾಸಿಗೆ ಹೋಗಬೇಡಿ. ಮೊದಲ ದಿನ ನಾವೆಲ್ಲ ಚೆನ್ನಾಗಿಯೇ ಪಾಠ ಮಾಡುತ್ತೇವೆ.

ಎಂಐಟಿಯ ಓಪನ್‌ಕೋರ್ಸ್‌ವೇರ್‌ನಲ್ಲಿ, ಐಐಟಿಗಳು ಮತ್ತು ಐಐಎಸ್‌ಸಿ ಸೇರಿ ನಡೆಸುವ ಎನ್‌ಪಿಟೆಲ್‌ನಲ್ಲಿ ಪಾಠಗಳು ಉಚಿತವಾಗಿ ಸಿಗುತ್ತವೆ. ಆದರೆ ವಿಡಿಯೊ ನೋಡಿ ನಿರ್ಧರಿಸಬೇಡಿ. ವಿಡಿಯೊ ನೋಡುವಾಗ ಎಲ್ಲವೂ ಅರ್ಥವಾಗುತ್ತಿದೆ ಅನಿಸುತ್ತದೆ, ಎಲ್ಲವೂ ಚೆಂದ. ಅಸೈನ್‌ಮೆಂಟ್ ಇಳಿಸಿಕೊಂಡು ಕೂತು ಬಿಡಿಸಿ. ಎರಡು ಅಸೈನ್‌ಮೆಂಟ್ ಮುಗಿಸಿದ ಮೇಲೆ ಮಾತಾಡೋಣ.

ಡೇಟಾ ಸೈನ್ಸ್‌ಗೆ ಹೋಗುತ್ತೇನೆ ಅಂತ ಬರುವವರಿಗೆ ನಾನು ಕೊಡುವ ಒಂದು ಫೈಲ್ ಇದೆ. ಒಂದು ಹಳೇ ಸಮೀಕ್ಷೆಯದು. ವಯಸ್ಸಿನ ಕಾಲಮ್ಮಿನಲ್ಲಿ ಒಬ್ಬರು 20 ಅಂತ, ಇನ್ನೊಬ್ಬರು ಅಕ್ಷರದಲ್ಲಿ ಇಪ್ಪತ್ತು ಅಂತ, ಮತ್ತೊಬ್ಬರು ಹುಟ್ಟಿದ ದಿನಾಂಕ ಬರೆದಿದ್ದಾರೆ. ಒಬ್ಬರಿಗೆ 200 ವರ್ಷ. ಕೆಲವು ಸಾಲು ಎರಡೆರಡು ಸಲ ಇವೆ. "ಇದನ್ನು ಸರಿ ಮಾಡ್ಕೊಂಡು ಬಾ, ಆಮೇಲೆ ನೋಡೋಣ" ಅನ್ನುತ್ತೇನೆ. ಒಬ್ಬ ಹುಡುಗ ಎಲ್ಲ ಸರಿ ಮಾಡಿ, ಯಾವ ಸಾಲನ್ನು ಯಾಕೆ ತೆಗೆದೆ ಅಂತ ಪಕ್ಕದಲ್ಲಿ ಬರೆದುಕೊಂಡು ಬಂದು, "ಇಂಥದ್ದು ಇನ್ನೊಂದು ಇದೆಯಾ ಮೇಡಂ?" ಅಂದ. ಒಬ್ಬಳು ಎರಡೇ ದಿನಕ್ಕೆ ವಾಪಸ್ ತಂದು "ಇದು ನನ್ನ ಕೈಲಾಗಲ್ಲ" ಅಂದಳು. ಇಬ್ಬರಿಗೂ ಉತ್ತರ ಸಿಕ್ಕಿತು. ಅವಳಿಗೆ ಸಿಕ್ಕಿದ್ದೂ ಲಾಭವೇ. ಫೀಸು ಕಟ್ಟಿ ಒಂದು ವರ್ಷ ಕಳೆದ ಮೇಲೆ ಗೊತ್ತಾಗಬೇಕಿತ್ತು, ಎರಡು ದಿನದಲ್ಲಿ ಗೊತ್ತಾಯಿತು.

"ಕೆಲಸ ಸಿಗಲ್ಲ" ಅನ್ನುವ ಭಯಕ್ಕೂ ಇಂಥದ್ದೇ ದಾರಿ. ನಿಮ್ಮದೇ ವಿಷಯ ಓದಿ ಮೂರು ನಾಲ್ಕು ವರ್ಷ ಆದವರನ್ನು ಹಿಡಿಯಿರಿ. "ಈ ಫೀಲ್ಡ್ ಹೇಗಿದೆ?" ಅಂತ ಕೇಳಿದರೆ "ಪರವಾಗಿಲ್ಲ" ಅನ್ನುತ್ತಾರೆ. ಅದರಿಂದ ಏನೂ ಗೊತ್ತಾಗುವುದಿಲ್ಲ. "ಮೊನ್ನೆ ಮಂಗಳವಾರ ಬೆಳಗಿನಿಂದ ಸಂಜೆವರೆಗೆ ಏನೇನು ಮಾಡಿದ್ರಿ?" ಅಂತ ಕೇಳಿ. ಜೊತೆಗೆ, "ನಿಮ್ಮ ಕ್ಲಾಸಿನವರು ಈಗ ಎಲ್ಲೆಲ್ಲಿದ್ದಾರೆ?" ಅಂತಲೂ ಕೇಳಿ. ಒಬ್ಬರ ಕತೆಗಿಂತ ಒಂದು ಬೆಂಚಿನ ಕತೆ ಮೇಲು.

ಭಯದ ಬಗ್ಗೆ ಇನ್ನೊಂದು ಮಾತು. ಅಮೆರಿಕದ ಕೇಂದ್ರ ಬ್ಯಾಂಕ್ ಆದ ಫೆಡರಲ್ ರಿಸರ್ವ್ ನಡೆಸುವ ಸಮೀಕ್ಷೆಯಲ್ಲಿ ಕಲೆ, ಸಾಹಿತ್ಯದಂಥ ವಿಷಯ ಓದಿದವರಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಜನ ಬೇರೆ ವಿಷಯ ತಗೋಬೇಕಿತ್ತು ಅಂದಿದ್ದರು. ಎಂಜಿನಿಯರಿಂಗ್‌ನವರಲ್ಲಿ ಹಾಗೆ ಅಂದವರು ಕಡಿಮೆ, ಸುಮಾರು ಕಾಲು ಭಾಗ. ಇದನ್ನು ನೋಡಿ ಎಂಜಿನಿಯರಿಂಗ್‌ಗೆ ಓಡುವವರಿದ್ದಾರೆ. ನಾನು ಆ ಕಾಲು ಭಾಗವನ್ನೂ ನೋಡಿ ಅನ್ನುತ್ತೇನೆ. ನಾಲ್ವರು ಎಂಜಿನಿಯರುಗಳಲ್ಲಿ ಒಬ್ಬರಿಗೆ ಹಾಗೆ ಅನಿಸಿದೆ. ಸಂಬಳ ಇದ್ದರೂ.

ಹೋದದ್ದು ಬಿಡಿ, ಇವತ್ತಿನಿಂದ ಲೆಕ್ಕ ಹಾಕಿ

"ಎರಡು ವರ್ಷ ಹಾಳಾಗುತ್ತಲ್ಲ ಮೇಡಂ" ಅನ್ನುವುದು ಪ್ರತಿಯೊಬ್ಬರ ಮಾತು. 1985ರಲ್ಲಿ ಹಾಲ್ ಆರ್ಕ್ಸ್ ಮತ್ತು ಕ್ಯಾಥರಿನ್ ಬ್ಲೂಮರ್ ಅನ್ನುವ ಇಬ್ಬರು ಸಂಶೋಧಕರು ಒಂದಷ್ಟು ಜನರ ಮುಂದೆ ಒಂದು ಪ್ರಶ್ನೆ ಇಟ್ಟರು. ನೀವು 100 ಡಾಲರ್ ಕೊಟ್ಟು ಒಂದು ಪ್ರವಾಸಕ್ಕೆ, 50 ಡಾಲರ್ ಕೊಟ್ಟು ಇನ್ನೊಂದಕ್ಕೆ ಟಿಕೆಟ್ ತಗೊಂಡಿದ್ದೀರಿ. ನಿಮಗೆ ಜಾಸ್ತಿ ಖುಷಿ ಕೊಡುವುದು 50ರದ್ದು. ಆಮೇಲೆ ನೋಡಿದರೆ ಎರಡೂ ಒಂದೇ ದಿನ. ದುಡ್ಡು ಯಾವುದಕ್ಕೂ ವಾಪಸ್ ಬರುವುದಿಲ್ಲ. ಯಾವುದಕ್ಕೆ ಹೋಗುತ್ತೀರಿ? ಅರ್ಧಕ್ಕಿಂತ ಹೆಚ್ಚು ಜನ 100 ಡಾಲರ್‌ನದಕ್ಕೆ ಹೋಗುತ್ತೇವೆ ಅಂದರು. ಖುಷಿ ಕಡಿಮೆ ಅಂತ ಗೊತ್ತಿದ್ದೂ. 150 ಡಾಲರ್ ಹೇಗೂ ಹೋಗಿತ್ತು, ಉಳಿದದ್ದು ಆ ದಿನ ಮಾತ್ರ. ನಿಮ್ಮ ಎರಡು ವರ್ಷವೂ ಹಾಗೇ.

ಕಾಗದದ ಮೇಲೆ ಎರಡು ಕಾಲಮ್ ಮಾಡಿ. ಒಂದು, ಇದನ್ನೇ ಮುಗಿಸಿದರೆ ಇವತ್ತಿನಿಂದ ಎಷ್ಟು ಸೆಮಿಸ್ಟರ್, ಎಷ್ಟು ದುಡ್ಡು, ಮುಗಿದ ಮೇಲೆ ಏನು ಮಾಡಬಹುದು. ಇನ್ನೊಂದು, ಬದಲಾಯಿಸಿದರೆ ಅದೇ ಮೂರು. ಕಳೆದ ವರ್ಷಗಳಿಗೆ ಅಂತ ಮೂರನೇ ಕಾಲಮ್ ಬೇಡ.

ಎರಡನೇ ಕಾಲಮ್ ತುಂಬುವಾಗ ಒಂದು ಲೆಕ್ಕ ತುಂಬ ಜನ ತಪ್ಪುತ್ತಾರೆ. ಎಷ್ಟು ಪೇಪರ್ ಬಾಕಿ ಇದೆ ಅಂತ ಎಣಿಸಿ ಭಾಗಿಸಿಬಿಡುತ್ತಾರೆ. ಹಾಗಲ್ಲ. ಯಾವ ಪೇಪರ್ ಮುಗಿಸದೆ ಯಾವುದನ್ನು ತಗೊಳ್ಳುವ ಹಾಗಿಲ್ಲ ಅಂತ ಬಾಣದ ಗುರುತು ಹಾಕಿ ಚಿತ್ರ ಬರೆಯಿರಿ. ಕ್ಯಾಲ್ಕುಲಸ್ ಒಂದು, ಆಮೇಲೆ ಎರಡು, ಆಮೇಲೆ ಡಿಫರೆನ್ಷಿಯಲ್ ಈಕ್ವೇಷನ್, ಅದಾದ ಮೇಲೆ ಇನ್ನೊಂದು ಅಂತ ನಾಲ್ಕು ಕೊಂಡಿ ಇದ್ದರೆ, ನೀವು ಎಷ್ಟೇ ಬುದ್ಧಿವಂತರಾದರೂ ನಾಲ್ಕು ಸೆಮಿಸ್ಟರ್ ಬೇಕೇ ಬೇಕು. ಆ ಪೇಪರ್ ವರ್ಷಕ್ಕೆ ಒಂದೇ ಸಲ ಇದ್ದರೆ ಇನ್ನೂ ಜಾಸ್ತಿ. ಫಿಸಿಕ್ಸ್, ಎಂಜಿನಿಯರಿಂಗ್, ಗಣಿತದಲ್ಲಿ ಈ ಸರಪಳಿ ಉದ್ದ. ಇತಿಹಾಸ, ಸಮಾಜಶಾಸ್ತ್ರ, ಸಾಹಿತ್ಯದಲ್ಲಿ ಗಿಡ್ಡ, ಒಟ್ಟಿಗೆ ಮೂರು ನಾಲ್ಕು ತಗೊಂಡು ಮುಗಿಸಬಹುದು. ನಿಮಗೆ ಎಷ್ಟು ಸಮಯ ಹಿಡಿಯುತ್ತದೆ ಅನ್ನುವುದನ್ನು ಆ ಚಿತ್ರದ ಅತಿ ಉದ್ದದ ಸರಪಳಿ ಹೇಳುತ್ತದೆ.

ಪಾಸಾದ ಪೇಪರ್‌ಗೆ ಸಿಕ್ಕ ಕ್ರೆಡಿಟ್ ಹೊಸ ಕಡೆ ಲೆಕ್ಕಕ್ಕೆ ಬರದೆ ಹೋಗುತ್ತದೆ ಅಂದರೆ ಅದನ್ನು ಗಂಟೆಗೆ ಇಳಿಸಿ ನೋಡಿ. ಯುರೋಪಿನ ಪದ್ಧತಿಯಲ್ಲಿ ವರ್ಷಕ್ಕೆ 60 ಕ್ರೆಡಿಟ್, ಒಂದಕ್ಕೆ 25ರಿಂದ 30 ಗಂಟೆ ಕೆಲಸ. ಅಂದರೆ ಆರು ಕ್ರೆಡಿಟ್ ಹೋದರೆ 150ರಿಂದ 180 ಗಂಟೆ. ಕೇಳುವುದಕ್ಕೆ ಭಯ, ಆದರೆ ಒಂದು ರಜೆಯಲ್ಲಿ ಮತ್ತೆ ಮಾಡಬಹುದಾದ ಕೆಲಸ.

ನನ್ನ ಅಭಿಪ್ರಾಯ ಕೇಳಿದರೆ, ಮೊದಲ ವರ್ಷದಲ್ಲಿದ್ದು ನಾನು ಮೇಲೆ ಹೇಳಿದ ಪರೀಕ್ಷೆಗಳನ್ನೆಲ್ಲ ಮಾಡಿ ಆಗಿದ್ದರೆ ಬದಲಾಯಿಸಿ, ಜಾಸ್ತಿ ಯೋಚಿಸಬೇಡಿ. ಕೊನೆಯ ವರ್ಷದಲ್ಲಿದ್ದರೆ ಮುಗಿಸಿ. ಅರ್ಧ ಡಿಗ್ರಿಗೆ ಯಾವ ಬಾಗಿಲೂ ಸುಲಭಕ್ಕೆ ತೆರೆಯುವುದಿಲ್ಲ, ಪೂರ್ತಿ ಡಿಗ್ರಿಗೆ, ಅದು ಯಾವುದೇ ಆಗಲಿ, ಎಷ್ಟೋ ತೆರೆಯುತ್ತವೆ. ನಡುವೆ ಇರುವವರದ್ದು ನಿಜವಾದ ಕಷ್ಟ. ಅವರಿಗೆ ಆ ಎರಡು ಕಾಲಮ್ ಬಿಟ್ಟರೆ ಬೇರೆ ಸೂತ್ರ ನನ್ನ ಹತ್ತಿರ ಇಲ್ಲ.

ಪೂರ್ತಿ ಬಿಡದೆ ಪಕ್ಕಕ್ಕೆ ಸರಿಯುವುದು

ಬಿಡುವುದು, ಇರುವುದು, ಎರಡೇ ದಾರಿ ಅಂತ ಯಾಕೆ ಅಂದುಕೊಳ್ಳುತ್ತೀರಿ? ಹೊಸ ವಿಷಯವನ್ನು ಮೈನರ್ ಆಗಿ, ಅಂದರೆ ಮೇಜರ್ ಜೊತೆಗಿನ ಎರಡನೇ ವಿಷಯವಾಗಿ ತಗೊಳ್ಳಬಹುದು. ಎಲೆಕ್ಟಿವ್‌ಗಳನ್ನೆಲ್ಲ ಒಂದೇ ಕಡೆಗೆ ತಿರುಗಿಸಬಹುದು. ಪ್ರಾಜೆಕ್ಟನ್ನು ಎರಡು ವಿಷಯದ ಗಡಿಯಲ್ಲಿ ಇಟ್ಟುಕೊಳ್ಳಬಹುದು. ಬಯಾಲಜಿಯವರು ಡೇಟಾ ಮೇಲೆ, ಸಾಹಿತ್ಯದವರು ಭಾಷೆ ಮತ್ತು ಕಂಪ್ಯೂಟರ್ ಮೇಲೆ ಪ್ರಾಜೆಕ್ಟ್ ಮಾಡಿದರೆ ಮುಂದೆ ಅರ್ಜಿ ಹಾಕುವಾಗ ತೋರಿಸುವುದಕ್ಕೆ ಏನಾದರೂ ಇರುತ್ತದೆ.

ಡಿಗ್ರಿ ಮುಗಿದ ಮೇಲೆ ದಾರಿ ಬದಲಿಸಿದವರೂ ಇದ್ದಾರೆ. ವೆಂಕಿ ರಾಮಕೃಷ್ಣನ್ 1971ರಲ್ಲಿ ಬರೋಡಾದಲ್ಲಿ ಫಿಸಿಕ್ಸ್ ಡಿಗ್ರಿ ಮಾಡಿದರು. 1976ರಲ್ಲಿ ಓಹಿಯೋ ಯೂನಿವರ್ಸಿಟಿಯಲ್ಲಿ ಫಿಸಿಕ್ಸ್‌ನಲ್ಲೇ ಪಿಎಚ್‌ಡಿ. ಅಷ್ಟೆಲ್ಲ ಆದ ಮೇಲೆ ಸ್ಯಾನ್ ಡಿಯಾಗೋಗೆ ಹೋಗಿ ಬಯಾಲಜಿ ಕ್ಲಾಸಿನಲ್ಲಿ ಮತ್ತೆ ವಿದ್ಯಾರ್ಥಿಯಾಗಿ ಕೂತರು. 2009ರಲ್ಲಿ ಬಂದ ನೊಬೆಲ್ ಕೆಮಿಸ್ಟ್ರಿಗೆ! ಎಡ್ವರ್ಡ್ ವಿಟನ್ ಡಿಗ್ರಿಯಲ್ಲಿ ಓದಿದ್ದು ಇತಿಹಾಸ, 1990ರಲ್ಲಿ ಫೀಲ್ಡ್ಸ್ ಮೆಡಲ್ ಬಂದದ್ದು ಗಣಿತಕ್ಕೆ. ಹೆರಾಲ್ಡ್ ವಾರ್ಮಸ್ ಇಂಗ್ಲಿಷ್ ಸಾಹಿತ್ಯದಲ್ಲಿ ಎಂಎ ಮಾಡಿ ಆಮೇಲೆ ಮೆಡಿಕಲ್ ಓದಿದವರು, 1989ರಲ್ಲಿ ನೊಬೆಲ್.

ಇಂಥ ಹೆಸರುಗಳನ್ನು ಎಲ್ಲರೂ ಕೊಡುತ್ತಾರೆ. ಬದಲಾಯಿಸಿ ಏನೂ ಆಗದೆ ಉಳಿದವರ ಹೆಸರು ಪಟ್ಟಿಗೆ ಬರುವುದೇ ಇಲ್ಲ. ಹಾಗಾಗಿ ಇವರಿಂದ ಧೈರ್ಯ ಕಲಿಯಬೇಡಿ, ಕ್ರಮ ಕಲಿಯಿರಿ. ರಾಮಕೃಷ್ಣನ್ ಫಿಸಿಕ್ಸ್ ಬಲದ ಮೇಲೆ ನೇರ ಸಂಶೋಧನೆಗೆ ನುಗ್ಗಲಿಲ್ಲ. ಮೊದಲು ಬಯಾಲಜಿಯ ಪಾಠಗಳನ್ನು ಕೂತು ಕಲಿತರು. ಕೆಳಗಿನ ಕ್ಲಾಸಿಗೆ ಇಳಿದು ಕೂರುವುದಕ್ಕೆ ನೀವು ತಯಾರಿದ್ದೀರಾ ಅಂತ ನೋಡಿಕೊಳ್ಳಿ.

ಇನ್ನೊಂದು ತಿಳಿದಿರಲಿ. ಡಾಕ್ಟರ್, ನರ್ಸ್, ಆರ್ಕಿಟೆಕ್ಟ್‌ನಂಥ ಲೈಸೆನ್ಸ್ ಬೇಕಾದ ಕೆಲಸಗಳಿಗೆ ಪಕ್ಕದ ಬಾಗಿಲು ಇಲ್ಲ. ಅದಕ್ಕೆ ಗೊತ್ತುಮಾಡಿದ ಓದೇ ಆಗಬೇಕು. ಮ್ಯಾನೇಜ್‌ಮೆಂಟ್, ಪತ್ರಿಕೋದ್ಯಮ, ಲೈಬ್ರರಿ ಸೈನ್ಸ್‌ನಂಥವಕ್ಕೆ ಬೇರೆ ಬೇರೆ ಡಿಗ್ರಿಯವರು ಬರುವುದು ಮಾಮೂಲು. ನಿಮಗೆ ಬೇಕಾದದ್ದು ಯಾವ ಗುಂಪಿನದು ಅಂತ ಮೊದಲೇ ನೋಡಿ.

ಮನೆಯಲ್ಲಿ ಹೇಳುವುದು

"ನನಗೆ ಇಷ್ಟ ಇಲ್ಲ" ಅಂತ ಶುರು ಮಾಡಿದರೆ ಮಾತು ಅಲ್ಲೇ ನಿಲ್ಲುತ್ತದೆ. ಆ ಎರಡು ಕಾಲಮ್ಮಿನ ಕಾಗದ, ನೀವು ಬಿಡಿಸಿದ ಅಸೈನ್‌ಮೆಂಟ್, ಎರಡನ್ನೂ ತಗೊಂಡು ಹೋಗಿ ಅಪ್ಪ ಅಮ್ಮನ ಮುಂದೆ ಇಡಿ. ಅವರು ಕೇಳುವುದು ಸಾಮಾನ್ಯವಾಗಿ ಎರಡೇ: ಎಷ್ಟು ದಿನ, ಎಷ್ಟು ದುಡ್ಡು. ಮೂರನೆಯದು ಬಾಯಿ ಬಿಟ್ಟು ಕೇಳುವುದಿಲ್ಲ: "ಇದನ್ನೂ ನಾಳೆ ಬಿಡುತ್ತೀಯಾ?" ಅದಕ್ಕೆ ಉತ್ತರ ಆ ಅಸೈನ್‌ಮೆಂಟೇ. ಮೊದಲ ದಿನವೇ ಒಪ್ಪಿಗೆ ಕೇಳಬೇಡಿ. ಕಾಗದ ಅಲ್ಲಿಟ್ಟು ಎದ್ದು ಬನ್ನಿ, ಓದಲಿ.

ಓದು ಮುಗಿಸಿ ಕೆಲಸದಲ್ಲಿದ್ದು ಇದನ್ನು ಓದುತ್ತಿರುವವರಿಗೆ ಒಂದು ವಿಷಯ. 2005ರಲ್ಲಿ ನೀಲ್ ರೋಸ್ ಮತ್ತು ಏಮಿ ಸಮ್ಮರ್‌ವಿಲ್ ಅನ್ನುವ ಸಂಶೋಧಕರು ಅಮೆರಿಕದಲ್ಲಿ ನಡೆದ ಹಲವು ಅಧ್ಯಯನ ಒಟ್ಟು ಮಾಡಿ ನೋಡಿದಾಗ, ಜನ ಅತಿ ಹೆಚ್ಚು ಪಶ್ಚಾತ್ತಾಪ ಪಡುವುದು ಓದಿನ ಬಗ್ಗೆ ಅಂತ ಕಂಡಿತು. ಅವರು ಕೊಟ್ಟ ಕಾರಣ ನನಗೆ ಇಷ್ಟ: ಇನ್ನೂ ಸರಿ ಮಾಡುವ ಅವಕಾಶ ಇರುವ ಕಡೆಯೇ ಪಶ್ಚಾತ್ತಾಪ ಜಾಸ್ತಿ ಕಾಡುತ್ತದೆ. ಓದನ್ನು ಯಾವ ವಯಸ್ಸಿನಲ್ಲೂ ಮತ್ತೆ ಹಿಡಿಯಬಹುದು ಅಂತ ಒಳಗೊಳಗೇ ಗೊತ್ತಿರುತ್ತದೆ, ಅದಕ್ಕೇ ಚುಚ್ಚುತ್ತದೆ. ನಿಮಗೂ ಮೇಲಿನ ಪರೀಕ್ಷೆಗಳೇ. ಕೆಲಸ ಬಿಡುವ ಮುಂಚೆ ಸಂಜೆ ಹೊತ್ತು ಎರಡು ಅಸೈನ್‌ಮೆಂಟ್.

ಕೊನೆಗೆ ಆಫೀಸಿನ ಕೆಲಸ. ಬದಲಾಯಿಸುವುದೇ ಅಂತ ಆದರೆ ಫಾರ್ಮ್ ತುಂಬುವ ಮುಂಚೆ ಇವಿಷ್ಟು ಕೇಳಿ. ಕೊನೆಯ ದಿನಾಂಕ ಯಾವುದು, ಆ ವಿಭಾಗದಲ್ಲಿ ಸೀಟು ನಿಜವಾಗಲೂ ಇದೆಯಾ, ನೀವು ಪಾಸಾದ ಯಾವ ಯಾವ ಪೇಪರ್ ಅಲ್ಲಿ ಲೆಕ್ಕಕ್ಕೆ ಬರುತ್ತದೆ, ಹಳೇ ಬ್ಯಾಕ್‌ಲಾಗ್ ಜೊತೆಗೇ ಬರುತ್ತದಾ, ಹಳೇ ಮಾರ್ಕ್ಸ್ ಹೊಸ ಮಾರ್ಕ್ಸ್ ಕಾರ್ಡಿನಲ್ಲಿ ಕಾಣುತ್ತದಾ, ಸ್ಕಾಲರ್‌ಶಿಪ್ ಮತ್ತು ಶಿಕ್ಷಣ ಸಾಲಕ್ಕೆ ಏನಾಗುತ್ತದೆ. ಸ್ಕಾಲರ್‌ಶಿಪ್ ಪ್ರಶ್ನೆಯನ್ನು ಕಾಲೇಜಿಗೆ ಮಾತ್ರ ಅಲ್ಲ, ಕೊಡುವವರಿಗೂ ಕೇಳಿ. ಕೌಂಟರಿನಲ್ಲಿ "ಆಗುತ್ತೆ, ಆಗುತ್ತೆ" ಅಂದದ್ದನ್ನು ನಂಬಿ ಬರಬೇಡಿ. ಅದೇ ದಿನ ಒಂದು ಇಮೇಲ್ ಹಾಕಿ: "ಇವತ್ತು ನೀವು ಹೀಗೆ ಹೇಳಿದಿರಿ, ನಾನು ಅರ್ಥ ಮಾಡಿಕೊಂಡದ್ದು ಸರಿ ಇದೆಯಾ?" ಉತ್ತರ ಬಂದ ಮೇಲೆ ಫಾರ್ಮ್ ಕೊಡಿ, ಕೊಟ್ಟದ್ದಕ್ಕೆ ಸೀಲ್ ಹಾಕಿದ ಪ್ರತಿ ಇಸ್ಕೊಳ್ಳಿ. ಅಲ್ಲಿಯವರೆಗೆ ಈಗಿನ ಕ್ಲಾಸಿಗೆ ಹೋಗುತ್ತಿರಿ, ಅಟೆಂಡೆನ್ಸ್ ಕಡಿಮೆ ಮಾಡಿಕೊಳ್ಳಬೇಡಿ.